ಕಂಟ್ರೋಲರ್ ಸಾಹೇಬರ ಕೌಜುಗ

ಅವರನ್ನು ನಾನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ಮಾನ್ವಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದಿನ ಓಣಿಯಲ್ಲಿ, ಬೆಳಗಿನ ಹೊತ್ತು, ಖಾಕಿ ಪ್ಯಾಂಟು ತೊಟ್ಟ ಒಬ್ಬರು ನಮ್ಮ ಗೋಡೆಗೆ ಕಿವಿಯಿಟ್ಟು ನಿಂತಿದ್ದರು. ಕೈಯಲ್ಲಿ ಗಿಡ್ಡದೊಂದು ಕೋಲು. ಅದರಿಂದ ಹಿತ್ತಿಲ ಬಾಗಿಲ ಚೌಕಟ್ಟನ್ನು ಮೆಲ್ಲಗೆ ತಟ್ಟುವುದು, ಕಿವಿಗೊಡುವುದು, ಗೇಣು ದೂರ ಸರಿಯುವುದು, ಮತ್ತೆ ತಟ್ಟುವುದು.

ತುರ್ತು ಪರಿಸ್ಥಿತಿಯ ಕಾಲ ಅದು. ಗೋಡೆಗೂ ಕಿವಿ ಇರುತ್ತದೆ ಎಂದು ಎಲ್ಲರೂ ಪಿಸುಗುಡುತ್ತಿದ್ದಾಗ ನಮ್ಮ ಗೋಡೆಗೆ ಖುದ್ದು ಕಿವಿಯೇ ಬಂದು ಅಂಟಿಕೊಂಡಿತ್ತು. ನಾನು ಹೈಸ್ಕೂಲು ಮಾಸ್ತರ. ಹಿಂದಿನ ವಾರ ಸ್ಟಾಫ್ ರೂಮಿನಲ್ಲಿ, ಈಗ ಬಸ್ಸುಗಳು ಎಷ್ಟು ಸರಿಯಾಗಿ ಟೈಮಿಗೆ ಬರುತ್ತಿವೆ ಎಂದು ಯಾರೋ ಹೊಗಳಿದಾಗ, ಬಸ್ಸಿಗೂ ಹೆದರಿಕೆ ಇರುತ್ತದಲ್ಲ ಎಂದು ಒಂದು ಮಾತು ಬಾಯಿ ಜಾರಿತ್ತು. ಯಾರೂ ನಕ್ಕಿರಲಿಲ್ಲ. ಅವರು ನಗದೇ ಇದ್ದದ್ದನ್ನು ನೆನೆದು ನೆನೆದು ನಾನು ವಾರವಿಡೀ ಊಟ ಸೇರದೆ ಒದ್ದಾಡಿದ್ದೆ. ಈಗ ಖಾಕಿ ಬಂದಿದೆ. ಕಿಟಕಿಯ ಹಿಂದೆ ನಿಂತು ಹೆಂಡತಿಗೆ ಕೈಸನ್ನೆ ಮಾಡಿದೆ. ಹೋಗಿ ಕೇಳಿ ಎಂದಳು. ಏನಂತ ಕೇಳುವುದು ಎಂದೆ. ನನ್ನನ್ನು ಒಮ್ಮೆ ನೋಡಿ ತಾನೇ ಬಾಗಿಲು ತೆರೆದಳು.

ಆ ಮನುಷ್ಯ ಬೆಚ್ಚಲಿಲ್ಲ. ಶುಭ ಸುದ್ದಿ ತಂದವರ ಹಾಗೆ ಮುಖ ಅರಳಿಸಿದರು.

"ಅಕ್ಕಾರ, ನಿಮ್ಮ ಮನಿಗಿ ಒರ್ಲಿ ಹತ್ಯಾವ. ಚೌಕಟ್ಟಿನ ಒಳಗ ಭರ್ತಿ ಅದಾವ." ಆಮೇಲೆ ದನಿ ತಗ್ಗಿಸಿ, "ಪೌಡರ್ ಗಿವ್ಡರ್ ಹೊಡದೀರೇನು?"

ಇಲ್ಲ ಎಂದಳು.

"ಹೊಡೀಬ್ಯಾಡ್ರಿ," ಎಂದು ಹೇಳಿ ಹೊರಟೇಹೋದರು.

ಗೆದ್ದಲು ಹುಡುಕಿಕೊಂಡು ಊರಿಡೀ ಗೋಡೆ ತಟ್ಟುತ್ತಿದ್ದ ಆ ಮನುಷ್ಯ ಕಳೆದ ತಿಂಗಳು ತೀರಿಕೊಂಡರು ಎಂದು ಮಾನ್ವಿಯಿಂದ ಬಂದ ಕಂಡಕ್ಟರೊಬ್ಬ ಹೇಳಿದ. ಮೊದಲು ನಾನು ನಂಬಲಿಲ್ಲ. ಅವರ ಸಹವಾಸದಲ್ಲಿ ಕಲಿತದ್ದು ಅದೊಂದೇ: ಎರಡನೆಯ ಬಾಯಿಂದ ಕೇಳುವ ತನಕ ಯಾವುದನ್ನೂ ನಂಬಬಾರದು. ಎರಡನೆಯವನೂ ಹೇಳಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಆ ದಿನದ ಮಾತಿಗೆ ಮರಳುತ್ತೇನೆ. ಮರುದಿನ ನಮ್ಮ ಗೋಡೆಯ ಬುಡದಲ್ಲಿ, ಓಣಿಯ ಬದಿಗೆ, ಒಂದು ಮಣ್ಣಿನ ಗಡಿಗೆ ಬೋರಲು ಬಿದ್ದಿತ್ತು. ಬಿದ್ದಿತ್ತೆಂದರೆ ತಪ್ಪು, ಯಾರೋ ಜತನದಿಂದ ಕೂರಿಸಿದ್ದರು. ಅಂಚಿನಿಂದ ಒದ್ದೆ ಗೋಣಿಯ ಚಿಂದಿ, ಜೋಳದ ದಂಟಿನ ಚೂರು ಹಣಕುತ್ತಿದ್ದವು. ಸಗಣಿಯ ವಾಸನೆ. ಇದು ಮಾಟವೇ ಎಂದು ನನಗೆ ಖಾತ್ರಿಯಾಯಿತು. ವಿಜ್ಞಾನ ಕಲಿಸುವವನಾದ್ದರಿಂದ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಶಾಲೆಗೆ ಹೋಗುವಾಗ ಅದನ್ನು ಎಡಕ್ಕೆ ಬಿಟ್ಟೆ, ಬರುವಾಗ ಬಲಕ್ಕೆ ಬಿಟ್ಟೆ, ಆಮೇಲೆ ಓಣಿಯನ್ನೇ ಬಿಟ್ಟೆ. ಎದುರು ಮನೆಯ ಮುದುಕಿ ಅದರ ಮೇಲೆ ಅರಿಶಿನ ಕುಂಕುಮ ಹಾಕಿ, ಪಕ್ಕಕ್ಕೆ ಥೂ ಎಂದು ಉಗಿದೂ ಹೋಗಿದ್ದಳು. ದೇವರಾಗಿದ್ದರೂ ದೆವ್ವವಾಗಿದ್ದರೂ ತನ್ನ ಕಡೆಯಿಂದ ಕೊರತೆಯಾಗಬಾರದು ಎಂದು.

ಒಂದೆರಡು ದಿನ ಬಿಟ್ಟು ಅವರೇ ಬಂದರು. ಈ ಸಲ ಕೈಯಲ್ಲಿ ಬಟ್ಟೆ ಹೊದಿಸಿದ ಬಿದಿರಿನ ಪಂಜರ. ಕುಂಕುಮ ಹತ್ತಿದ ಗಡಿಗೆಯನ್ನು ನೋಡಿ ಏನೂ ಅನ್ನದೆ ಎತ್ತಿ, ಹಳೆ ಪೇಪರಿನ ಮೇಲೆ ಜಾಡಿಸಿದರು. ಬಿಳಿ ಗೆದ್ದಲು ಅಕ್ಕಿ ನುಚ್ಚಿನ ಹಾಗೆ ಸುರಿದವು. ಪಂಜರದ ಬಾಗಿಲು ತೆಗೆದದ್ದೇ ತಡ, ಬೂದುಬಣ್ಣದ ಒಂದು ಕೌಜುಗದ ಹಕ್ಕಿ, ಅವರ ಬಾಯಲ್ಲಿ ತೀತರ್, ಎದೆ ಮುಂದೆ ಮಾಡಿ ಇಳಿದು, ನಮ್ಮನ್ನೆಲ್ಲ ಒಂದು ಸುತ್ತು ಪರೀಕ್ಷಿಸಿ, ತಿನ್ನಲು ತೊಡಗಿತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಗುವಿಗೋ, ನನ್ನ ಮರ್ಯಾದೆಗೋ, ನಾನು ಕೇಳಲಿಲ್ಲ.

ಅವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು. ಬಸ್ಸು ಬಂದದ್ದು, ಹೋದದ್ದು ನೋಡಿಕೊಂಡು, ಊರಿನ ಹೆಸರು ಕೂಗಿ, ಸೀಟಿ ಊದುವ ಕೆಲಸ. ಹಕ್ಕಿಯ ಪಂಜರ ಅವರ ಕಟ್ಟೆಯ ಪಕ್ಕದ ಬೇವಿನ ಕೊಂಬೆಗೆ ತೂಗುಬಿದ್ದಿರುತ್ತಿತ್ತು. ಹಾರ್ನ್ ಆದರೆ ಅದು ಕೂಗುವುದು, ಅದು ಕೂಗಿದರೆ ಡ್ರೈವರುಗಳು ಮತ್ತೆ ಹಾರ್ನ್ ಮಾಡುವುದು. ಅವರ ಹೆಂಡತಿಯ ತವರು ದೇವದುರ್ಗ. ಅಲ್ಲಿಂದ ಬರುವಾಗ ಮಸರಕಲ್ ಕಡೆಯ ಕುರುಚಲು ಗುಡ್ಡದಲ್ಲಿ ಕುರಿ ಕಾಯುವವನೊಬ್ಬ ಕೊಟ್ಟ ತತ್ತಿ ತಂದು, ಮನೆಯ ಕೋಳಿಯ ಹೊಟ್ಟೆಯಡಿ ಇಟ್ಟು ಮರಿ ಮಾಡಿಸಿದ್ದರಂತೆ. ಅದರ ನಡಿಗೆ ನೋಡಿ ಜಮಾದಾರ್ ಎಂದು ಹೆಸರಿಟ್ಟಿದ್ದರು. ಇಂಥ ಹಕ್ಕಿ ಸಾಕುವುದು ಕಾಯಿದೆಗೆ ವಿರುದ್ಧ ಎಂದು ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಬಸ್ಸಿನಲ್ಲಿ ಸೀಟು ಬೇಕಾದವರಾದ್ದರಿಂದ ಹೇಳಲಿಲ್ಲ.

ಊರು ಅವರ ಬಗ್ಗೆ ಒಳ್ಳೆಯದನ್ನು ಆಡುತ್ತಿರಲಿಲ್ಲ. ಗೋಡೆ ತಟ್ಟಿ ಮನೆಯೊಳಗಿನ ತಿಜೋರಿ ಪತ್ತೆ ಹಚ್ಚುತ್ತಾರೆ ಎಂದೊಬ್ಬರು. ದೇವದುರ್ಗದಲ್ಲಿ ಹಕ್ಕಿ ಕಾದಾಟಕ್ಕೆ ಬಿಟ್ಟು ಪಂದ್ಯ ಕಟ್ಟುತ್ತಾರೆ ಎಂದಿನ್ನೊಬ್ಬರು. ನನಗೆ ಇಂಥ ಮಾತು ಕೇಳಿದರೆ ಮೈಯೆಲ್ಲ ಕಿವಿ. ಮೊದಲು ನಾನು ದೇವದುರ್ಗದಲ್ಲೇ ನೌಕರಿಯಲ್ಲಿದ್ದೆನಾದ್ದರಿಂದ, ಸಂತೆಗೆ ಬಂದ ಹಳೆಯ ಪರಿಚಯದವರೊಬ್ಬರನ್ನು ಹಿಡಿದು, ನನಗೇನೂ ಆಸಕ್ತಿ ಇಲ್ಲದವನ ಹಾಗೆ ವಿಚಾರಿಸಿದೆ. ಅವರು ಹೇಳಿದ್ದು ಇಷ್ಟು: ಒಂದು ಮದುವೆಗೆ ಹಕ್ಕಿ ಸಮೇತ ಬಂದಿದ್ದರು, ಬಿಟ್ಟು ಬರಲು ಯಾರ ಮೇಲೂ ನಂಬಿಕೆ ಇರಲಿಲ್ಲವಂತೆ. ಹುಡುಗರು ಚೇಷ್ಟೆಗೆ ಇನ್ನೊಂದು ಗಂಡು ಕೌಜುಗ ತಂದು ಎದುರಿಗೆ ಬಿಟ್ಟರು. ಜಮಾದಾರ್ ಅದನ್ನು ಒಂದು ಗಳಿಗೆ ನೋಡಿ, ಹೊರಳಿ ಬಂದು, ಒಡೆಯನ ಅಂಗಿಯೊಳಗೆ ಹೊಕ್ಕುಬಿಟ್ಟಿತು. ಅಂಗಿಯ ಮೇಲಿಂದ ಅದನ್ನು ಸವರುತ್ತ ಇವರು, ಶಾಣ್ಯಾ ಇದ್ದವ ಹಿಂಗ ಮಾಡ್ತಾನ, ಎಂದರಂತೆ.

ಊರು ಅವರನ್ನು ಶಂಕಿಸಿದ್ದು ಹೆಚ್ಚೋ, ಅವರು ಊರನ್ನು ಶಂಕಿಸಿದ್ದು ಹೆಚ್ಚೋ ಹೇಳುವುದು ಕಷ್ಟ. ಕಾಲುವೆ ನೀರು ಬಂದು ಸಿರವಾರದಿಂದ ಪೋತ್ನಾಳದ ತನಕ ಭತ್ತದ ಗದ್ದೆಯಾದ ಮೇಲೆ ಎಲ್ಲರ ಮನೆಯ ಮೂಲೆಯಲ್ಲೂ ಒಂದು ಪೌಡರಿನ ಡಬ್ಬಿ ಇರುತ್ತಿತ್ತು. ಗದ್ದೆಗೆ ಹೊಡೆದು ಉಳಿದದ್ದನ್ನು ಜನ ತಿಗಣೆಗೆ, ಇರುವೆಗೆ, ಗೆದ್ದಲಿಗೆ ಹಾಕುತ್ತಿದ್ದರು. ಆ ಗೆದ್ದಲು ತಿಂದರೆ ಹಕ್ಕಿ ಉಳಿಯದು. ಆದ್ದರಿಂದ ಅವರು ಯಾರ ಮನೆಯ ಗೆದ್ದಲನ್ನೂ ಕೇಳಿದ ಕೂಡಲೇ ತೆಗೆದುಕೊಳ್ಳುತ್ತಿರಲಿಲ್ಲ. ಗಂಡನನ್ನೊಮ್ಮೆ ಕೇಳುವರು, ಹೆಂಡತಿಯನ್ನೊಮ್ಮೆ ಬೇರೆಯಾಗಿ ಕೇಳುವರು, ಆಮೇಲೆ ಚೌಕಟ್ಟನ್ನು ಮೂಸುವರು. ನಮ್ಮ ಮನೆಯನ್ನು ಮೆಚ್ಚಿದ್ದಕ್ಕೆ ಕಾರಣವನ್ನು ನಾನೇ ಒಮ್ಮೆ ಕೇಳಿದೆ, ಹೊಗಳಿಕೆಯ ಆಸೆಯಿಂದ.

"ನೀವು ಅಂಜುಬುರುಕ ಅದೀರಿ, ಮಾಸ್ತರ್," ಎಂದರು. "ಅಂಜೋರ ಮನ್ಯಾಗ ವಿಷ ಇರೂದಿಲ್ಲ."

ನಿಜ. ಪೌಡರಿನ ಡಬ್ಬಿ ಮನೆಯೊಳಗೆ ಬಂದರೆ ನಾನು ಚಹದ ರುಚಿಯನ್ನೂ ಅನುಮಾನಿಸುವವ. ಹೀಗಾಗಿ ನಮ್ಮ ಹಿತ್ತಿಲ ಬಾಗಿಲು ಅವರ ಹಕ್ಕಿಯ ಕಣಜವಾಯಿತು. ಮನೆಯ ಮಾಲೀಕರು ಚೌಕಟ್ಟು ಯಾಕೆ ಹೀಗೆ ಟೊಳ್ಳಾಗುತ್ತಿದೆ ಎಂದು ಕೇಳಿದಾಗಲೆಲ್ಲ, ಹವಾಮಾನದ ಮೇಲೆ ಹಾಕುತ್ತಿದ್ದೆ.

ಅವರ ಮಾತುಗಳಲ್ಲಿ ಕೆಲವು ಇನ್ನೂ ನೆನಪಿವೆ. "ನೌಕರಿಗಿ ರಜಾ ಅದ, ಹಸಿವಿಗಿ ಇಲ್ಲ." ಇದನ್ನು ಹೇಳಿದ್ದು ಹಬ್ಬದ ದಿನ, ಹೊಸ ಬಟ್ಟೆಯಲ್ಲಿ ಗಡಿಗೆ ಜಾಡಿಸಲು ಬಂದಾಗ. ಹಕ್ಕಿಗೆ ನೀರು ಬದಲಿಸಬೇಕು, ಮೈ ಹೊರಳಿಸಲು ಬೆಚ್ಚಗಿನ ಮಣ್ಣು ಬೇಕು, ಎಳೆ ಬಿಸಿಲು ಬೇಕು, ಬೆಕ್ಕು ಎಲ್ಲಿದೆಯೆಂದು ಸದಾ ಗೊತ್ತಿರಬೇಕು. ಅದರ ಜೊತೆಗೆ ಮಾತಾಡಬೇಕು. ಏನು ಮಾತಾಡಿದರೂ ನಡೆಯುತ್ತದೆ, ಸುಳ್ಳು ಮಾತ್ರ ಹೇಳಬಾರದು, ತಿಂಡಿ ಇಲ್ಲದಾಗ ಬಾ ಎಂದು ಕರೆಯಬಾರದು. ಒಮ್ಮೆ ಸುಳ್ಳು ಕರೆದರೆ ಹಕ್ಕಿ ಎಂಟು ದಿನ ಅನುಮಾನಿಸುತ್ತದೆ ಎನ್ನುತ್ತಿದ್ದರು. ನನ್ನ ಶಿಷ್ಯರಿಗಿಂತ ಹಕ್ಕಿಯೇ ವಾಸಿ ಎನಿಸಿತ್ತು. ಆ ಹುಡುಗರಿಗೆ ನನ್ನ ಮೇಲೆ ಅನುಮಾನ ಬರಲು ಒಂದು ಪೀರಿಯಡ್ಡೂ ಹಿಡಿಯುತ್ತಿರಲಿಲ್ಲ.

ಕಂಟ್ರೋಲರ ಕಣ್ಣಿನ ವಿಷಯ ನನಗೆ ತಿಳಿದದ್ದು ತಡವಾಗಿ. ಎಲ್ಲವನ್ನೂ ಅನುಮಾನಿಸುವ ನಾನು, ಅನುಮಾನಿಸಬೇಕಾದ ಒಂದನ್ನು ಮೆಚ್ಚಿಕೊಂಡು ಕೂತಿದ್ದೆ. ಬಸ್ಸು ಬಂದು ನಿಂತ ಕೂಡಲೇ ಅವರು ಪಕ್ಕದಲ್ಲಿ ಇದ್ದವರಿಗೆ, ಓದ್ರಿ ನೋಡೂಣು, ಬೋರ್ಡ್ ಮ್ಯಾಲ ಏನದ, ಎನ್ನುತ್ತಿದ್ದರು. ಓದಿದವರಿಗೆ ಶಾಬ್ಬಾಸ್ ಎಂದು, ಆ ಊರಿನ ಹೆಸರು ಹಿಡಿದು ಕೂಗುತ್ತಿದ್ದರು. ಅಕ್ಷರದ ಮೇಲೆ ಎಂಥ ಕಾಳಜಿ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಉದಾಹರಣೆ ಕೊಟ್ಟಿದ್ದೆ. ಆಮೇಲೆ ಒಂದು ದಿನ, ದೇವದುರ್ಗಕ್ಕೆ ಹೊರಟಿದ್ದ ತಮ್ಮ ಸ್ವಂತ ಭಾವಮೈದುನನನ್ನು ಕೈಹಿಡಿದು ಸಿಂಧನೂರಿನ ಬಸ್ಸಿಗೆ ಹತ್ತಿಸಿದರು. ಬೇಕಂತಲೇ ಮಾಡಿದರು ಎಂದು ಊರು ನಕ್ಕಿತು, ಅವರೂ ನಕ್ಕರು. ಅವರ ಹೆಂಡತಿ ಮಾತ್ರ ನಗಲಿಲ್ಲ. ಬುರ್ಖಾ ತೊಟ್ಟು ಹಿತ್ತಿಲ ಬಾಗಿಲಿಂದ ನಮ್ಮ ಅಡುಗೆಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಕೂತರು.

ಎಡಗಣ್ಣು ಚಿಕ್ಕಂದಿನಲ್ಲಿ ಸಿಡುಬಿಗೆ ಹೋಗಿತ್ತಂತೆ. ಇದ್ದ ಒಂದು ಬಲಗಣ್ಣಿಗೆ ಪೊರೆ. ರಾಯಚೂರಿನ ಡಾಕ್ಟರು, ಪೊರೆ ಮಾಗಿದೆ, ಇನ್ನೊಂದು ಬೇಸಗೆ ಬಿಟ್ಟರೆ ಒಳಗೇ ಒಡೆದು ಕಣ್ಣು ಪೂರ್ತಿ ಹೋಗುತ್ತದೆ ಎಂದು ಹೇಳಿಯಾಗಿತ್ತು. ಆಪರೇಷನ್ ಆದರೆ ವಾರಗಟ್ಟಲೆ ಅಲುಗಾಡದೆ ಮಲಗಬೇಕು, ಆಮೇಲೂ ತಿಂಗಳು ಜೋಪಾನ. ಇವರು ಹಕ್ಕಿಯನ್ನು ಯಾರಿಗೆ ಬಿಡಲಿ ಎಂದು ಮುಂದೂಡುತ್ತಲೇ ಇದ್ದಾರೆ.

ನೀವೇ ನೋಡಿಕೊಳ್ಳಬಹುದಲ್ಲ ಎಂದಳು ನನ್ನ ಹೆಂಡತಿ.

"ನಾನು ಬುರ್ಖಾ ಹಾಕ್ಕೊಂಡು ಮಂದಿ ಗ್ವಾಡಿ ಬಡಕೋತ ತಿರಗಲೇನವಾ? ಅದೂ ಬಿಡು, ನನ್ನ ಮ್ಯಾಲ ಭರೋಸಾ ಇಲ್ಲ ಅವರಿಗಿ. ಒಮ್ಮಿ ಸಿಟ್ಟಿನಾಗ, ಇದರ ಸಾಲನ್ ಮಾಡ್ತೀನಿ ನೋಡು ಅಂದಿದ್ದೆ. ಇನ್ನಾ ಮರ್ತಿಲ್ಲ. ಅವರು ಮನ್ಯಾಗ ಇಲ್ಲದಾಗ ನಾನು ಮಸಾಲಿ ಅರಿಯಂಗಿಲ್ಲ."

ಕೆಲವು ದಿನಗಳಲ್ಲಿ ನನ್ನ ಪರೀಕ್ಷೆ ಶುರುವಾಯಿತು, ನನಗೆ ತಿಳಿಸದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಮ್ಮ ಹಿತ್ತಿಲಲ್ಲಿ ನಿಲ್ಲುವರು. ನಿಮಗೆ ಕೆಮ್ಮಿದೆಯೇ, ಮನೆಗೆ ನೆಂಟರು ಬರುವವರಿದ್ದಾರೆಯೇ, ಬೆಕ್ಕಿಗೆ ಹಾಲು ಹಾಕುವ ಅಭ್ಯಾಸ ಉಂಟೇ ಎಂದು ಕೇಳುವರು. ಇವರಿಗೇನು ನನ್ನಿಂದ ಬೇಕಾಗಿದೆ ಎಂದು ನಾನು ತಲೆ ಕೆಡಿಸಿಕೊಂಡೆ. ಮನೆ ಖಾಲಿ ಮಾಡಿಸುವ ಸಂಚಿರಬಹುದು ಎಂದು ಮಾಲೀಕರ ಮುಖ ಓದಿದೆ. ಕೊನೆಗೊಂದು ಬೆಳಿಗ್ಗೆ ಪಂಜರ ತಂದು ನಮ್ಮ ಕಟ್ಟೆಯ ಮೇಲಿಟ್ಟರು.

"ಊರಾಗ ಭಾಳ ಮಂದಿ ನೋಡಿದೆ, ಮಾಸ್ತರ್. ಚೊಲೋ ಮಂದಿ ಅದಾರ. ಆದ್ರ ಚೊಲೋ ಮಂದಿ ಮಲಗಿದ್ರ ನಿದ್ದಿ ಹತ್ತತದ. ನಿಮಗ ಹತ್ತೂದಿಲ್ಲ. ಅದಕ್ಕ ನಿಮ್ಮ ಕಡಿ ಬಂದೀನಿ."

ಜೀವಮಾನದಲ್ಲಿ ನನ್ನ ಚಿಂತೆಯನ್ನು ಅರ್ಹತೆಯೆಂದು ಎಣಿಸಿದವರು ಅವರೊಬ್ಬರೇ. ಇಲ್ಲ ಅನ್ನಲಾಗಲಿಲ್ಲ. ಹಕ್ಕಿಗೆ ಏನಾದರೂ ಆದರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಅದನ್ನೇ ಕಾಯುತ್ತಿದ್ದವರ ಹಾಗೆ ತಲೆಯಾಡಿಸಿ, ಹಾಂ, ಹಿಂಗ ಇರಬೇಕು, ಎಂದು ಹೊರಟರು.

ಜಮಾದಾರ್ ಬಂದ ಮೇಲೆ ನಮ್ಮ ಮನೆ ನನ್ನದಾಗಿ ಉಳಿಯಲಿಲ್ಲ. ಬೆಕ್ಕು ಬರಬಹುದೆಂದು ಹಿತ್ತಿಲ ಬಾಗಿಲು ಮುಚ್ಚಿಸಿದೆ. ಹಕ್ಕಿಗೆ ಹೆದರಿಕೆ ಆಗಬಹುದೆಂದು ರೇಡಿಯೋ ನಿಲ್ಲಿಸಿದೆ. ಒರಳಿನಲ್ಲಿ ಕುಟ್ಟಬೇಡ ಎಂದೆ. ಪಾತ್ರೆ ಮೆಲ್ಲಗೆ ಇಡು ಎಂದೆ. ನೆಗಡಿಯಾಗಿದ್ದ ನೆರೆಯವರನ್ನು ಓಣಿಯ ತುದಿಯಲ್ಲೇ ಮಾತಾಡಿಸಿ ಕಳಿಸಿದೆ. ಹೆಂಡತಿ ಒಂದು ದಿನ, ಬಾಣಂತಿತನದಲ್ಲಿ ತನಗೆ ಇದರ ಕಾಲು ಭಾಗ ಸಿಕ್ಕಿದ್ದರೂ ಸಾಕಿತ್ತು ಎಂದಳು.

ಇಷ್ಟಾಗಿಯೂ ಹಕ್ಕಿ ಕೂಗಲಿಲ್ಲ. ಗೆದ್ದಲು ಸುರಿದರೆ ನಾಲ್ಕು ಹೆಕ್ಕಿ, ಉಳಿದದ್ದನ್ನು ನೋಡುತ್ತ ನಿಲ್ಲುವುದು. ಗರಿ ಉಬ್ಬಿಸಿ ಮೂಲೆ ಹಿಡಿಯುವುದು. ಮಾಲೀಕರು ಕಳ್ಳತನದಿಂದ ಪೌಡರ್ ಹಾಕಿರಬಹುದೆಂದು ಚೌಕಟ್ಟನ್ನು ನಾನೂ ಮೂಸಿದೆ. ಎದುರು ಮನೆಯ ಮುದುಕಿಯ ದೃಷ್ಟಿ ತಾಗಿರಬಹುದೆಂದು, ವಿಜ್ಞಾನದ ಮೇಲೆ ಟವೆಲ್ ಹೊದಿಸಿ, ಉಪ್ಪು ಇಳಿತೆಗೆದೆ. ಏನೂ ಆಗಲಿಲ್ಲ. ಆ ಭಾನುವಾರ ರಾಯಚೂರಿನ ಬಸ್ಸು ಹತ್ತಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಅವರು ಅಂಗಾತ ಮಲಗಿದ್ದರು. ಕಣ್ಣಿಗೆ ಪಟ್ಟಿ, ತಲೆ ಹೊರಳದಂತೆ ಎರಡೂ ಬದಿಗೆ ಉಸುಕಿನ ಚೀಲ. ಎದ್ದರೆ, ಜೋರಾಗಿ ಕೆಮ್ಮಿದರೆ, ಹೊಲಿಗೆ ಬಿಚ್ಚಿ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆಂದು ಅವರ ಹೆಂಡತಿ ಬಾಗಿಲಲ್ಲೇ ನನಗೆ ಹೇಳಿದರು. ಹಕ್ಕಿಯ ಬಗ್ಗೆ ಕೆಟ್ಟ ಸುದ್ದಿ ಇದ್ದರೆ ನುಂಗಿಕೊಳ್ಳಿ ಎಂದು ಕೈಮುಗಿದರು. ಹೋಗಿ ಪಕ್ಕದಲ್ಲಿ ಕೂತೆ. ನನ್ನ ಚಪ್ಪಲಿಯ ಸದ್ದಿಗೇ ಗುರುತು ಹಿಡಿದರು. ಹೇಗಿದೆ ಎಂದರು. ಚೆನ್ನಾಗಿದೆ ಎಂದೆ.

ಅವರು ಎರಡೂ ಕೈ ಮಂಚಕ್ಕೆ ಊರಿದರು.

"ಚೊಲೋ ಅದ ಅಂತ ಇಷ್ಟ್ ಲಗೂ ಹೇಳೋ ಮನುಷ್ಯಾ ಅಲ್ಲ ನೀವು. ಏನಾಗ್ಯಾದ? ಸತ್ತದೇನು?"

ಹೆಂಡತಿ ಅವರ ಎದೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. ಆ ಕೈಯ ಕೆಳಗೂ ಅವರು ಮೇಲೇಳುತ್ತಿದ್ದರು. ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು. ಒಂದು ಕಣ್ಣು ನನ್ನ ಒಂದು ಸುಳ್ಳಿನ ಮೇಲೆ ನಿಂತಿತ್ತು, ಮತ್ತು ಆ ಸುಳ್ಳು ನಡೆಯುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಾನು ನನ್ನ ಸ್ವಭಾವಕ್ಕೆ ಶರಣಾದೆ. ಹಕ್ಕಿ ಬದುಕಿದೆ, ಆದರೆ ಕೂಗುತ್ತಿಲ್ಲ, ಎಂದೆ. ಅರ್ಧ ತಿಂದು ಬಿಡುತ್ತದೆ. ಗರಿ ಉಬ್ಬಿಸುತ್ತದೆ. ಎಡಗಾಲನ್ನು ಎತ್ತಿ ಇಡುವುದು ಯಾಕೋ ಸರಿ ಕಾಣುತ್ತಿಲ್ಲ. ನೀರಿನ ಬಟ್ಟಲಿನ ಕಿಲುಬು ಇರಬಹುದು. ಗಾಳಿ ಇರಬಹುದು. ಶನಿವಾರ ಸೀನಿದಂತೆ ಕೇಳಿಸಿತು, ಹಕ್ಕಿಗಳು ಸೀನುತ್ತವೆಯೇ? ಹೀಗೆ ನನ್ನ ಹೊಟ್ಟೆಯಲ್ಲಿದ್ದ ಚಿಂತೆಗಳನ್ನೆಲ್ಲ ಒಂದೊಂದಾಗಿ ಅವರ ಮುಂದೆ ಇಟ್ಟೆ. ಇಡುತ್ತ ಹೋದಂತೆ ಅವರ ಕೈ ಸಡಿಲಾಯಿತು, ತಲೆ ಉಸುಕಿನ ಚೀಲಗಳ ನಡುವೆ ಇಳಿದು ಕೂತಿತು. ತಾಯಿ ಜೋಗುಳ ಹಾಡಿದರೂ ಮಗು ಅಷ್ಟು ಬೇಗ ಶಾಂತವಾಗುವುದಿಲ್ಲ.

ನಾನು ಏನೇನು ಜೋಪಾನ ಮಾಡಿದೆ ಎಂದು ಕೇಳಿದರು. ರೇಡಿಯೋ, ಒರಳು, ಮುಚ್ಚಿದ ಬಾಗಿಲು ಎಲ್ಲ ಹೇಳಿದೆ.

"ಮನಿ ಗೋರಿ ಮಾಡೀರಿ," ಎಂದರು. "ಅದು ಹಾರ್ನಿನಾಗ ಬೆಳದದ್ದು, ಮಾಸ್ತರ್. ಗದ್ದಲ ಇಲ್ಲಂದ್ರ ಎಲ್ಲಾರೂ ಸತ್ತಾರ ಅಂತ ತಿಳ್ಕೊಂಡದ. ಬಸ್ ಸ್ಟ್ಯಾಂಡಿಗಿ ಒಯ್ರಿ."

ಮರುದಿನದಿಂದ ನಾನು ಬಸ್ ಸ್ಟ್ಯಾಂಡಿನ ಬೇವಿನಡಿ ಪಂಜರ ಹಿಡಿದು ಕೂತೆ. ಶಾಲೆಗೆ ಮುಂಚೆ, ಶಾಲೆಯ ನಂತರ. ಜಮಾದಾರ್ ಮೊದಲ ಹಾರ್ನಿಗೆ ತಲೆ ಎತ್ತಿತು, ಎರಡನೆಯದಕ್ಕೆ ಕುತ್ತಿಗೆ ಉದ್ದ ಮಾಡಿತು, ಪೋತ್ನಾಳದ ಕಡೆಯಿಂದ ಬಂದ ಬಸ್ಸು ಹೊಯ್ಕೊಂಡಾಗ ಪಂಜರ ಅಲ್ಲಾಡುವ ಹಾಗೆ ಕೂಗಿತು. ನಿಂತಿದ್ದ ಡ್ರೈವರು ಉತ್ತರ ಕೊಟ್ಟ. ನನ್ನ ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸಿಕೊಂಡರು. ನನ್ನನ್ನು ನೌಕರಿಯಿಂದ ತೆಗೆದಿದ್ದಾರೆ ಎಂದು ಅವರಲ್ಲಿ ಕೆಲವರು ಮನೆಯಲ್ಲಿ ಹೇಳಿದ್ದು ಆಮೇಲೆ ತಿಳಿಯಿತು.

ದಿನ ಕಳೆದಂತೆ ಬಾಗಿಲು ತೆಗೆದರೆ ಅದು ನನ್ನ ಹಿಂದೆಯೇ ನಡೆಯತೊಡಗಿತು. ಹಿತ್ತಿಲಲ್ಲಿ ನಾನು ನಿಂತರೆ ನಿಲ್ಲುವುದು, ಹೊರಳಿದರೆ ಹೊರಳುವುದು. ನನ್ನ ಹಿಂದೆ ಹೀಗೆ ಯಾರೂ ಬಂದವರಿಲ್ಲ. ಸಪ್ತಪದಿಯಲ್ಲಿ ಹೆಂಡತಿ ಬಂದಿದ್ದಳು, ಅದೂ ಸೆರಗಿಗೆ ಗಂಟು ಹಾಕಿದ್ದರಿಂದ. ಅದರ ಪುಟ್ಟ ಉಗುರುಗಳ ಸದ್ದು ಬೆನ್ನ ಹಿಂದೆ ಕೇಳುತ್ತಿರುವಾಗ ಒಂದೊಂದು ಗಳಿಗೆ ನನಗೆ ಯಾವ ಚಿಂತೆಯೂ ಇಲ್ಲವೆಂದು ಹೊಳೆಯುತ್ತಿತ್ತು. ಹೊಳೆದ ಕೂಡಲೇ ಗಾಬರಿಯಾಗುತ್ತಿತ್ತು.

ಬೇಸಗೆ ತಿರುಗುವ ಹೊತ್ತಿಗೆ ಅವರು ಬಂದರು. ಗುರುತೇ ಹತ್ತಲಿಲ್ಲ. ಮೂಗಿನ ಮೇಲೆ ಬಾಟಲಿ ತಳದಂಥ ದಪ್ಪ ಕನ್ನಡಕ, ಅದರ ಹಿಂದೆ ಕಣ್ಣು ನಿಂಬೆಹಣ್ಣಿನಷ್ಟು. ಹಿತ್ತಿಲಲ್ಲಿ ನಿಂತು ಲೋಕವನ್ನೆಲ್ಲ ತಪಾಸಣೆ ಮಾಡಿದರು. ಗೋಡೆ ಇಷ್ಟು ಬಿರುಕು ಬಿಟ್ಟಿತ್ತೇ ಎಂದರು. ನನ್ನ ತಲೆಯಲ್ಲಿ ಇಷ್ಟು ಬಿಳಿಗೂದಲು ಮೊದಲೇ ಇದ್ದವೇ ಎಂದರು. ಅವರ ಹೆಂಡತಿ ನನ್ನಾಕೆಗೆ, ಪಟ್ಟಿ ಬಿಚ್ಚಿದ ದಿನ ನನ್ನ ನೋಡಿ, ಈ ಮುದುಕಿ ಯಾರು ಅಂತ ನರ್ಸಮ್ಮನ್ನ ಕೇಳಿದ್ರವಾ, ಎಂದು ನಗುತ್ತಲೇ ದೂರು ಹೇಳಿದರು.

ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಮೆಟ್ಟಿಲ ಮೇಲೆ ಕೂತರು. ನಾನು ಪಂಜರದ ಬಾಗಿಲು ತೆಗೆದೆ.

ಜಮಾದಾರ್ ಇಳಿದು ಬಂತು. ಅವರು ಬಾಯಲ್ಲಿ ಕ್ಚು ಕ್ಚು ಎಂದು ಕರೆದರು. ಹಕ್ಕಿ ಥಟ್ಟನೆ ನಿಂತು ಆ ದನಿಯ ಕಡೆ ಕತ್ತು ಚಾಚಿತು, ಓಡಿಬಂತು, ಕನ್ನಡಕದೊಳಗಿನ ಆ ಕಣ್ಣನ್ನು ಕಂಡಿತು. ಹೊರಳಿ ಓಡಿ ನನ್ನ ಧೋತರದ ಹಿಂದೆ ಸೇರಿಕೊಂಡಿತು.

ಅವರು ಹಕ್ಕಿಯನ್ನು ನೋಡಿದರು, ಬಹಳ ಹೊತ್ತು. ಮೈಮೇಲಿನ ಸಣ್ಣ ಸಣ್ಣ ಗೆರೆಗಳನ್ನು, ಗಂಟಲಿನ ಹಳದಿಯನ್ನು, ಮುರಿದ ಉಗುರನ್ನು. ಆಮೇಲೆ ನನ್ನನ್ನು ನೋಡಿದರು.

"ಇದಲ್ಲ," ಎಂದರು.

ಇದೇ ಎಂದೆ. ನನ್ನ ಹೆಂಡತಿ ಇದೇ ಎಂದಳು. ಅವರ ಹೆಂಡತಿಯೂ ಇದೇ ಎಂದರು. ಆದರೆ ಸಾಲನ್ ಮಾತಾಡಿದವರ ಸಾಕ್ಷಿ ಯಾರಿಗೆ ಬೇಕು. ಅವರ ಹಕ್ಕಿ ಕೆಂಪು ಬಣ್ಣದ್ದಂತೆ, ಇದು ಬೂದು. ಅವರದರ ಮೈ ನುಣುಪು, ಇದು ಗೆರೆ ಗೆರೆ. ಪೊರೆಯ ಮಂಜಿನಲ್ಲಿ ಅವರು ಎಷ್ಟೋ ವರ್ಷಗಳಿಂದ ನೋಡುತ್ತಿದ್ದ ಹಕ್ಕಿ ಲೋಕದಲ್ಲಿ ಇರಲೇ ಇಲ್ಲ. ಅದನ್ನು ಹೇಗೆ ಹೇಳುವುದು? ಅದು ಸತ್ತಿತ್ತು, ನೀವು ಬೇರೆಯದನ್ನು ತಂದಿರಿ, ನಾನು ಮಲಗಿರಲಿ ಅಂತ ಮಾಡಿದಿರಿ, ಎಂದರು. ಸಿಟ್ಟಿರಲಿಲ್ಲ. ನನಗೋ, ಅವರು ಅಷ್ಟು ಖಚಿತವಾಗಿ ಹೇಳುವುದನ್ನು ಕೇಳಿ ನನ್ನ ಮೇಲೇ ಅನುಮಾನ ಬಂತು. ಬಸ್ ಸ್ಟ್ಯಾಂಡಿನಲ್ಲಿ ಚಹಕ್ಕೆಂದು ಎದ್ದಾಗ ಯಾರಾದರೂ ಬದಲಿಸಿಬಿಟ್ಟರೇ ಎಂದು ಹಕ್ಕಿಯನ್ನು ನಾನೂ ಬಗ್ಗಿ ನೋಡಿದೆ.

ಅವರು ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿದರು. ತೆಗೆದ ಕೂಡಲೇ ಹಳೆಯ ಮುಖ ಬಂತು, ಅರೆಮುಚ್ಚಿದ, ಏನನ್ನೂ ಕಾಣದ ಮುಖ. ಗಾಳಿಯಲ್ಲಿ ಅಂಗೈ ಚಾಚಿ ಮತ್ತೆ ಕರೆದರು. ಧೋತರದ ಮರೆಯಿಂದ ಹಕ್ಕಿ ಹಣಕಿತು. ಮೆಲ್ಲಗೆ ನಡೆದು ಹೋಗಿ ಆ ಕೈಯೇರಿ ಕೂತಿತು. ಬೆರಳಿನಿಂದ ಅದರ ಕುತ್ತಿಗೆ ಸವರುತ್ತ ಅವರು ಬಹಳ ಹೊತ್ತು ಇದ್ದರು. ನೋಡಬೇಕೆನಿಸಿರಬೇಕು, ಇನ್ನೊಂದು ಕೈಯಿಂದ ಕನ್ನಡಕ ಏರಿಸಿದರು. ಹಕ್ಕಿ ಹಾರಿ ಕೆಳಗಿಳಿಯಿತು.

"ಕೈ ಹೌದು ಅಂತದ, ಕಣ್ಣು ಅಲ್ಲ ಅಂತದ," ಎಂದರು. "ಇರ್ಲಿ. ಯಾರದಾದ್ರೂ ಆಗಲಿ, ಜೀವ ಅದಲ್ಲ." ಪಂಜರ ಎತ್ತಿಕೊಂಡು ಹೋದರು.

ಆಮೇಲಿನ ವರ್ಷಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಾನು ನೋಡುತ್ತಿದ್ದೆ. ಬೋರ್ಡು ಓದಲು ಕನ್ನಡಕ, ಹಕ್ಕಿಗೆ ತಿನ್ನಿಸಲು ಕನ್ನಡಕ ಜೇಬಿಗೆ. ನಿಧಾನಕ್ಕೆ, ಕನ್ನಡಕ ಹಾಕಿಕೊಂಡೇ ತಿನ್ನಿಸಲು ನೋಡತೊಡಗಿದರು. ಹಕ್ಕಿ ದೂರ ನಿಲ್ಲುವುದು, ಬರುವುದು, ಓಡುವುದು. ಕೊನೆಗೆ ಮೈಯೆಲ್ಲ ನಡುಗಿಸುತ್ತ ಬಂದು ಕೈಯಿಂದ ಹೆಕ್ಕುವುದು. ನನ್ನನ್ನು ಕಂಡಾಗಲೆಲ್ಲ, ಖರೇ ಹೇಳ್ರಿ ಮಾಸ್ತರ್, ಬದ್ಲಿ ಮಾಡೀರಿಲ್ಲೋ, ಎಂದು ಕೇಳುವರು. ಇಲ್ಲ ಎಂದು ನಾನು ಆಣೆ ಹಾಕುವುದು, ಅವರು ನಂಬದೆ ನಗುವುದು. ಅಷ್ಟರಲ್ಲಿ ನನಗೆ ರಾಯಚೂರಿಗೆ ವರ್ಗವಾಯಿತು.

ಅವರು ನಿವೃತ್ತರಾದ ಮೇಲೆ, ಒಂದು ಬೆಳಿಗ್ಗೆ, ಮುನ್ಸೂಚನೆ ಇಲ್ಲದೆ ರಾಯಚೂರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಪಂಜರ ಇರಲಿಲ್ಲ. ಚಹ ಮುಟ್ಟಲಿಲ್ಲ. ಸತ್ತವರ ಮನೆಯಲ್ಲಿ ಕೂರುವ ಹಾಗೆ ಕೈಕಟ್ಟಿ ಕೂತರು.

"ನಿಮ್ಮ ತೀತರ್ ಹೋತ್ರಿ, ಮಾಸ್ತರ್. ಮೊನ್ನಿ ಶುಕ್ರವಾರ. ನಿಮಗ ಹೇಳಬೇಕಲ್ಲ, ಅದಕ್ಕ ಬಂದೆ."

ನಮ್ಮದೆಲ್ಲಿಯದು ಎನ್ನುತ್ತ ನನ್ನ ಹೆಂಡತಿ ಒಳಗಿನಿಂದ ಬಂದಳು. ನಾನು ಅವಳ ಕಡೆ ನೋಡಿದೆ. ಮಾತು ಅಲ್ಲೇ ನಿಲ್ಲಿಸಿದಳು.

"ಸುಳ್ಳ್ಯಾಕ ಹೇಳಲಿ," ಎಂದರು. "ನಂದಕ್ಕಿಂತ ನೀವು ಕೊಟ್ಟದ್ದ ಚೊಲೋ ಇತ್ತು. ನಂದು ನನಗ ಅಂಜತಿರಲಿಲ್ಲ. ಅಂಜದವರು ಹತ್ರ ಬಂದ್ರ ಅದ್ರಾಗೇನದ? ಇದು ದಿನಾ ನನ್ನ ಮುಖಕ್ಕ ಅಂಜತಿತ್ತು. ಅಂಜಕೋತಾನ ಬರ್ತಿತ್ತು."

ಅವರು ನನ್ನನ್ನೇ ನೋಡುತ್ತಿದ್ದರು, ಕನ್ನಡಕದೊಳಗಿನ ಆ ದೊಡ್ಡ ಕಣ್ಣಿನಿಂದ. ವರ್ಷಗಟ್ಟಲೆ ಹಾಕಿದ ಆಣೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

"ಭಾಳ ಹುಡುಕಿ, ನೋಡಿ ಆರಿಸಿದ್ದೆರಿ," ಎಂದೆ.

ಅವರು ತಲೆಯಾಡಿಸಿದರು. ತಣ್ಣಗಾದ ಚಹ ಎತ್ತಿ ಒಂದು ಗುಟುಕು ಕುಡಿದರು.

"ಗೊತ್ತಿತ್ತು ನನಗ," ಎಂದರು.